ಕ್ಯಾನ್ಸರಿಗೆ ಓದಿಸಿದ ಮುಯ್ಯಿ

ನನಗೆ ಸಿಟ್ಟು ಬೇಗ ಬರುತ್ತದೆ. ಗುಬ್ಬಿ ಬಸ್‌ಸ್ಟಾಂಡಿನ ಎದುರು ಸೈಕಲ್ ಶಾಪ್ ಇಟ್ಟವನಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ಬಾಡಿಗೆಗೆ ಒಯ್ದ ಸೈಕಲ್ಲನ್ನು ಕೆರೆಗೆ ಕೆಡವಿ ಬಂದು, "ನಿಮ್ಮ ಸೈಕಲ್‌ಗೆ ಈಜು ಬರಲ್ವಲ್ಲ ಅಂಜಿನಪ್ಪೋರೆ" ಎನ್ನುವವರ ನಡುವೆ ಬದುಕಿದವನು ನಾನು. ಅಂಥ ಸಿಟ್ಟುಗಳೆಲ್ಲ ಸಂಜೆಗೆ ಆರಿಹೋಗುತ್ತವೆ. ಎಂಬತ್ತಮೂರನೇ ಇಸವಿಯಲ್ಲಿ ಹೊತ್ತಿಕೊಂಡ ಒಂದು ಸಿಟ್ಟು ಮಾತ್ರ ಇವತ್ತಿಗೂ ಆರಿಲ್ಲ. ಆರಿಸಿಕೊಳ್ಳುವ ಇರಾದೆಯೂ ನನಗಿಲ್ಲ.

ಆ ಸಿಟ್ಟಿಗೆ ಕಾರಣ ನನ್ನ ಪಕ್ಕದ ಅಂಗಡಿಯ ಹಬೀಬ್ ಸಾಬರು ಎಂದು ಊರಿನವರು ಹೇಳುತ್ತಾರೆ. ಅದು ಸುಳ್ಳು. ಹಬೀಬ್ ಸಾಬರು ಯಾವುದಕ್ಕೂ ಕಾರಣರಾಗುವಂಥ ಮನುಷ್ಯರೇ ಅಲ್ಲ. ಅವರದು ಮೈಕ್ ಸೆಟ್ ಅಂಗಡಿ: ಒಂದು ಆಂಪ್ಲಿಫೈಯರ್, ಎರಡು ತುತ್ತೂರಿ ಸ್ಪೀಕರ್, ಒಂದು ಬ್ಯಾಟರಿ, ಗೀರು ಬಿದ್ದ ಒಂದಿಷ್ಟು ರೆಕಾರ್ಡು. ನಮ್ಮ ಸೀಮೆಯ ಮದುವೆಗಳಲ್ಲಿ ಮುಯ್ಯಿ ಓದುವುದು ಅವರ ಕೆಲಸ. ಯಾರು ಏನು ಕೊಟ್ಟರು ಎನ್ನುವುದನ್ನು ಮೈಕಿನಲ್ಲಿ ಓದಿದರೇ ಅದು ಮುಯ್ಯಿ. ಓದದಿದ್ದರೆ ಅದು ದಾನ, ದಾನ ಕೊಟ್ಟವನನ್ನು ಯಾರೂ ನೆನಪಿಡುವುದಿಲ್ಲ. ಓದಿಸಿದ ಮೇಲೆ ಮುಗಿಯಿತು, ನಾಳೆ ಓದಿಸಿದವನ ಮನೆಯಲ್ಲಿ ಕಾರ್ಯವಾದಾಗ ಅದನ್ನು ಮೇಲಾಕಿ, ಅಂದರೆ ಇನ್ನಿಷ್ಟು ಸೇರಿಸಿ, ವಾಪಸ್ ಓದಿಸಲೇಬೇಕು. ಮೈಕಿನಲ್ಲಿ ಓದಿದ ಮುಯ್ಯಿಯನ್ನು ಇಲ್ಲ ಎಂದ ಗಂಡಸು ಗುಬ್ಬಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಈ ಕೆಲಸ ಮಾಡಿ ಮಾಡಿ ಹಬೀಬ್ ಸಾಬರ ಬಾಯಿಗೆ ಒಂದೇ ಪಾಠ ಗಟ್ಟಿಯಾಗಿತ್ತು. ಮೈಕ್ ಕೈಗೆ ಬಂದರೆ ಸಾಕು, ಬಾಯಿ ತಾನಾಗಿ ಓಡುತ್ತಿತ್ತು, ತಲೆ ಹಿಂದೆ ಉಳಿಯುತ್ತಿತ್ತು. ಕೋರ ಎಂಬ ಊರಿನ ಒಂದು ತಿಥಿಯಲ್ಲಿ ರೂಢಿಯ ಮೇಲೆ "ನೂತನ ವಧೂವರರಿಗೆ ಶುಭವಾಗಲಿ" ಎಂದುಬಿಟ್ಟರು. ಸತ್ತವನ ಮಗ ದೊಣ್ಣೆ ಹಿಡಿದು ಬಂದ. ಮುದುಕನ ಹೆಂಡತಿ ಮೊದಲೇ ತೀರಿಕೊಂಡಿದ್ದಳು, ಈಗ ಅವನೂ ಹೋಗಿ ಅವಳನ್ನು ಸೇರಿದ್ದಾನೆ, ಆ ಲೆಕ್ಕಕ್ಕೆ ಸಾಬರು ಹೇಳಿದ್ದು ಸರಿಯೇ ಎಂದು ಊರ ಹಿರಿಯರು ಬಿಡಿಸಿ ಕಳಿಸಿದರು.

ಇಂಥವರನ್ನು ಹುಡುಕಿಕೊಂಡು ತುಮಕೂರಿನಿಂದ ಬೆಟ್ಟಸ್ವಾಮಿ ಬಂದರು. ಕೊಬ್ಬರಿ ಎಣ್ಣೆ ಮಿಲ್ಲಿನ ಯಜಮಾನರು, ಜನಹಿತ ಸೇವಾ ಮಂಡಳಿ ಎಂಬುದರ ಅಧ್ಯಕ್ಷರು. ಅವರ ಷಡ್ಡಕ ಕುಣಿಗಲ್‌ನಲ್ಲಿ ಕಣ್ಣಿನ ಕ್ಯಾಂಪ್ ಮಾಡಿಸಿ ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡಿದ್ದ. ಕಣ್ಣಿಗಿಂತ ದೊಡ್ಡ ಕಾಯಿಲೆ ಯಾವುದು ಎಂದು ಬೆಟ್ಟಸ್ವಾಮಿ ವಿಚಾರಿಸಿದರು. ಕ್ಯಾನ್ಸರ್ ಎಂದು ಯಾರೋ ಹೇಳಿದರು. ಹಾಗಾದರೆ ಅದೇ ಇರಲಿ ಎಂದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಕ್ಯಾನ್ಸರ್ ಸಂಶೋಧನೆಗೆ ಜಿಲ್ಲೆಯಿಂದ ನಿಧಿ ಕೂಡಿಸಿಕೊಡುವುದು, ಮಂತ್ರಿಗಳ ಕೈಯಿಂದ ಕೊಡಿಸುವುದು, ಫೋಟೋ ಷಡ್ಡಕನದಕ್ಕಿಂತ ದೊಡ್ಡದಾಗಿರಬೇಕು ಎನ್ನುವುದು ಅವರ ಯೋಜನೆ.

"ಏನ್ ಸಾಬ್ರೆ, ನಿಮ್ಮ ಮೈಕ್ ಜೋರಾಗಿ ಕೂಗುತ್ತಾ?"

"ಗುಬ್ಬೀಲಿ ಕೂಗಿದ್ರೆ ನಿಟ್ಟೂರಲ್ಲಿ ನಾಯಿಗಳು ಎದ್ದು ಕೂತ್ಕೊಳ್ತವೆ ಸ್ವಾಮಿ."

"ಅಷ್ಟು ಸಾಕು. ಈ ಪೇಪರ್‌ನಲ್ಲಿ ಬರೆದಿರೋದನ್ನ ಊರೂರಲ್ಲಿ ಓದಿ. ಒಂದು ವರ್ಡ್ ಆಚೀಚೆ ಆಗಬಾರ್ದು."

ಮಿಲ್ಲಿನ ವ್ಯಾನಿನ ಟೈರುಗಳ ಮೇಲೆ ಯಾರಿಗೂ ನಂಬಿಕೆ ಇಲ್ಲದ್ದರಿಂದ ಪಂಚರ್ ಹಾಕಲು ನನ್ನನ್ನೂ ಕೂರಿಸಿಕೊಂಡರು. ಗುಬ್ಬಿ ಕೆರೆ ಏರಿಯ ಮೇಲೆ ಗಾಳಿ ಬೀಸಿ ಆ ಪೇಪರ್ ಕೆರೆಗೆ ಹಾರಿಹೋಯಿತು. ಹಬೀಬ್ ಸಾಬರು ಅದು ಹೋದ ದಿಕ್ಕನ್ನು ಸ್ವಲ್ಪ ಹೊತ್ತು ನೋಡಿ, "ಅದ್ರಲ್ಲಿ ಏನಿತ್ತು ಅಂಜಿನಪ್ಪೋರೆ?" ಎಂದರು. ಕ್ಯಾನ್ಸರ್, ಸಂಶೋಧನೆ, ಬೆಟ್ಟಸ್ವಾಮಿ ಎಂದೆ. "ಮೂರೇ ಅಲ್ವಾ, ನೆನಪಿರ್ತದೆ" ಎಂದರು.

ಚೇಳೂರಿನ ಸಂತೆ ಬಯಲಿನಲ್ಲಿ ವ್ಯಾನ್ ನಿಲ್ಲಿಸಿ, ಸಾಬರು ಆ ಮೂರು ಮಾತುಗಳನ್ನೇ ತಿರುಗಿಸಿ ತಿರುಗಿಸಿ ಕೂಗಿದರು. ಒಬ್ಬರೂ ಹತ್ತಿರ ಬರಲಿಲ್ಲ. ಭದ್ರಮ್ಮ ಎಂಬ ಹೆಂಗಸು ಬಾಗಿಲಲ್ಲೇ ನಿಂತು, "ಕಾಯಿಲೆಗೆ ಕಾಸು ಕೊಟ್ರೆ ಅದು ನಮ್ಮನೆ ದಾರಿ ಕೇಳ್ಕಂಡು ಬತ್ತದೆ. ಮುಂದಕ್ಕೋಗಪ್ಪ" ಎಂದಳು. ಕಾಯಿಲೆಯ ಹೆಸರು ಕೇಳಿ ಇಬ್ಬರು ಕಿಟಕಿ ಮುಚ್ಚಿಕೊಂಡರು. ಕೊನೆಗೆ ಎದುರು ಮನೆಯ ಹೊನ್ನಯ್ಯ ಒಂದು ತೆಂಗಿನಕಾಯಿ ಹಿಡಿದು ಬಂದ.

"ತಗಳ್ಳಿ ಸಾಬ್ರೆ. ಆ ತುತ್ತೂರಿ ಅತ್ಲಾಗೆ ತಿರುಗ್ಸಿ. ಹಸ ಹಾಲು ಇಳಿಸ್ತಿಲ್ಲ."

ಸಾಬರ ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ತೆಂಗಿನಕಾಯಿ. ಇಷ್ಟು ಸಾಕಾಯಿತು, ಬಾಯಿ ಓಡಿತು. "ಚೇಳೂರು ಹೊನ್ನಯ್ಯನವರು, ಚಿರಂಜೀವಿ ಕ್ಯಾನ್ಸರ್ ಸಂಶೋಧನೆ ಹಾಗೂ ಅಧ್ಯಕ್ಷ ಬೆಟ್ಟಸ್ವಾಮಿ, ಇವರ ಶುಭಕಾರ್ಯಕ್ಕೆ ಒಂದು ತೆಂಗಿನಕಾಯಿ ಓದಿಸಿದ್ದಾರೆ."

ಕೇಳಿದ್ದೇ ಭದ್ರಮ್ಮ ಬಾಗಿಲಿಂದ ಇಳಿದು ಬಂದಳು. ಅವಳಿಗೂ ಹೊನ್ನಯ್ಯನಿಗೂ ಬದುವಿನ ಜಗಳ, ಅವರ ತಾತಂದಿರ ಕಾಲದ್ದು.

"ಹೊನ್ನಯ್ಯಂದು ಒಂದಾ? ನಂದು ಐದು ಓದಿ. ಐದು ಅನ್ನೋದ್ನ ಎರಡು ಸತಿ ಓದಿ."

ಓದಿದ್ದೇ ತಡ, ಮುಚ್ಚಿದ ಕಿಟಕಿಗಳು ತೆರೆದುಕೊಂಡವು. ಮುಯ್ಯಿ ಎಂದ ಮೇಲೆ ಹಿಂದೆ ಬೀಳುವವರು ಯಾರು? ಕಾಯಿ ಬಂತು, ರಾಗಿ ಬಂತು, ಒಬ್ಬ ಕೋಳಿ ತಂದ. ಕೋಳಿ ಸಾಬರ ಕೈಯಲ್ಲಿದ್ದುಕೊಂಡು ಮೈಕಿನಲ್ಲಿ ತಾನೂ ನಾಲ್ಕು ಮಾತಾಡಿತು. ಸಾಲಿನ ಕೊನೆಗೆ ಸಿದ್ದಗಂಗಮ್ಮ ಬಂದಳು. ಗಂಡ ಸತ್ತವಳು, ಒಬ್ಬಳೇ ಮಗಳನ್ನು ಅಮೃತೂರಿಗೆ ಕೊಟ್ಟಿದ್ದಳು, ಸ್ಕೂಲಿನ ಹಿಂದೆ ಅವಳದೊಂದು ಪುಟ್ಟ ತೋಟ. ಒಂದು ಚೀಲ ಕಾಯಿಯನ್ನು ತಲೆಯ ಮೇಲೆ ಹೊತ್ತು ತಂದಿದ್ದಳು. ಅದು ಅವಳಿಗೆ ಹೆಚ್ಚೇ.

"ಸಾಬ್ರೆ, ಇದು ವಾಪಸ್ ಬರೋ ಮುಯ್ಯೇನಾ?"

"ಮುಯ್ಯಿ ಅಂದ್ಮೇಲೆ ವಾಪಸ್ ಬರ್ದೆ ಇರ್ತದೇನಮ್ಮ? ನಿಮ್ಮನೇಲಿ ಕಾರ್ಯ ಆದಾಗ ಬೆಟ್ಟಸ್ವಾಮ್ಯೋರು ಮೇಲಾಕಿ ಓದಿಸ್ತಾರೆ."

"ಸರಿ ಹಂಗಾದ್ರೆ. ಓದಿ."

ಎಲ್ಲ ಮುಗಿದ ಮೇಲೆ ಸಾಬರು ರೂಢಿಯಂತೆ, "ಬಂದವರೆಲ್ಲ ಊಟ ಮಾಡಿಕೊಂಡೇ ಹೋಗಬೇಕಾಗಿ ಮನೆಯವರು ಕೈಮುಗಿದು ಕೇಳಿಕೊಂಡಿದ್ದಾರೆ" ಎಂದು ಮೈಕ್ ಆರಿಸಿದರು. ಊಟ ಎಲ್ಲಿ ಎಂದು ಹೊನ್ನಯ್ಯ ಕೇಳಿದ. ಸಾಬರು ಯೋಚಿಸಿ, "ಮನೆಯವ್ರ ಮನೇಲೇ ಇರ್ಬೇಕು, ತುಮಕೂರಲ್ಲಿ" ಎಂದರು. ಯಾವತ್ತು ಎಂದ. "ಭಾನುವಾರನೇ ಅಲ್ವಾ ಇಂಥದ್ದೆಲ್ಲ ಇಟ್ಕೊಳ್ಳೋದು" ಎಂದರು. ನಾನು ಆಗ ಹಿಂದಿನ ಟೈರಿಗೆ ಪಂಚರ್ ಹಾಕುತ್ತಿದ್ದೆ, ಇದು ನನ್ನ ಕಿವಿಗೆ ಬೀಳಲಿಲ್ಲ.

ಭಾನುವಾರ ಬೆಳಿಗ್ಗೆ ಬೆಟ್ಟಸ್ವಾಮಿಯವರ ಹೆಂಡತಿ ಸುಬ್ಬಲಕ್ಷ್ಮಮ್ಮ ತುಳಸಿಗೆ ನೀರು ಹಾಕಲು ಬಾಗಿಲು ತೆಗೆದರೆ ಬೀದಿಯ ತುಂಬ ಜನ. ಚೇಳೂರಿನ ಮೊದಲನೇ ಬಸ್ಸಿನಲ್ಲಿ ಹತ್ತಿ, ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ, ಒಗೆದ ಪಂಚೆ ಉಟ್ಟು ಬಂದವರು. ಪಟ್ಟಣದಲ್ಲಿ ಸಿಗುತ್ತೋ ಇಲ್ಲವೋ ಎಂದು ಕೆಲವರು ಬಾಳೆ ಎಲೆಯನ್ನೂ ತಂದಿದ್ದರು.

"ಯಾರಪ್ಪ ನೀವೆಲ್ಲ?"

"ಮುಯ್ಯಿ ಓದ್ಸಿದೋರು ಕಣ್ ತಾಯಿ. ಊಟಕ್ಕೆ ಬಂದಿದೀವಿ" ಎಂದ ಹೊನ್ನಯ್ಯ.

"ಯಾವುದಕ್ಕೆ ಓದಿಸಿದ್ರಿ?"

"ನಿಮ್ಮ ಯಜಮಾನ್ರುದ್ದು ಕ್ಯಾನ್ಸರ್ ಕಾರ್ಯಕ್ಕೆ."

ಸುಬ್ಬಲಕ್ಷ್ಮಮ್ಮನ ಕೈಯ ತಂಬಿಗೆ ಬಿತ್ತು. ಗಂಡ ಮನೆಯಲ್ಲಿ ಮಂಡಳಿಯ ವಿಷಯ ಏನೂ ಹೇಳುವವರಲ್ಲ. ಆಕೆ ಅಲ್ಲೇ ಹೊಸ್ತಿಲ ಮೇಲೆ ಕುಳಿತು ಅಳಲು ಶುರು ಮಾಡಿದರು. ಪಕ್ಕದ ಮನೆಯ ಹನುಮಂತಮ್ಮ ಓಡಿ ಬಂದು, "ಗಂಡಸರು ಹೇಳ್ಕೊಳ್ಳಲ್ಲ ಕಣೇ, ಒಳಗೇ ನುಂಗ್ತಾರೆ. ಅದಕ್ಕೇ ಮೊನ್ನೆ ಹೋಳಿಗೆ ಬೇಡ ಅಂದ್ರು ನೋಡು" ಎಂದು ಸಮಾಧಾನ ಹೇಳಿ ಅಳುವನ್ನು ಇಮ್ಮಡಿ ಮಾಡಿದಳು. ಎದುರು ಮನೆಯವರು ಟ್ರಂಕ್ ಕಾಲ್ ಹಾಕಿದರು. ಕುಣಿಗಲ್‌ನಿಂದ ಷಡ್ಡಕ ಮೋಸಂಬಿ ಬುಟ್ಟಿ ಹಿಡಿದು ಹೊರಟೇಬಿಟ್ಟ. ಅಷ್ಟು ಸಂತೋಷವಾಗಿ ಮೋಸಂಬಿ ಕೊಂಡವನನ್ನು ತಾನು ನೋಡಿಲ್ಲ ಎಂದು ಹಣ್ಣಿನ ಅಂಗಡಿಯವನು ಆಮೇಲೆ ಹೇಳಿದನಂತೆ.

ಮಿಲ್ಲಿನಿಂದ ಬೆಟ್ಟಸ್ವಾಮಿ ಬಂದಾಗ ಒಳಗೆ ಅಳು, ಹೊರಗೆ ಎಲೆ ಹಿಡಿದು ಕುಳಿತ ಜನ, ನಡುವೆ ಷಡ್ಡಕ.

"ಧೈರ್ಯ ತಗೊಳ್ಳಿ ಅಣ್ಣ" ಎಂದ ಷಡ್ಡಕ. "ಮಿಲ್ಲಿನ ವ್ಯವಹಾರ ನಾನು ನೋಡ್ಕೊಳ್ತೀನಿ."

ನಿಜ ಸಂಗತಿ ತಿಳಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಬಂದವರನ್ನು ಬರೀ ಹೊಟ್ಟೆಯಲ್ಲಿ ಕಳಿಸಲು ಸುಬ್ಬಲಕ್ಷ್ಮಮ್ಮ ಒಪ್ಪಲಿಲ್ಲ. ಗಂಡನಿಗೆ ಏನೂ ಆಗಿಲ್ಲ ಎನ್ನುವ ಸಂತೋಷಕ್ಕೆ ಕಡಲೆಬೇಳೆ ಪಾಯಸವನ್ನೂ ಮಾಡಿಸಿದರು. ಸಿದ್ದಗಂಗಮ್ಮ ಕೊನೆಯ ಪಂಕ್ತಿಯಲ್ಲಿ ಉಂಡು, ಕೈತೊಳೆದು, ಅವರಿಗೆ ನಮಸ್ಕಾರ ಹೇಳಿ ಹೋದಳು. ಸಂಜೆ ಬೆಟ್ಟಸ್ವಾಮಿ ಗುಬ್ಬಿಗೇ ಬಂದು ಸಾಬರನ್ನು ಬಯ್ದ ಬೈಗುಳ ನನ್ನ ಅಂಗಡಿಯ ಟ್ಯೂಬುಗಳಲ್ಲಿ ಗಾಳಿ ಕಡಿಮೆಯಾಗುವಂತಿತ್ತು. ಆದರೆ ಮರುದಿನ ಪೇಪರಿನಲ್ಲಿ 'ದಾನಿಗಳಿಗೆ ಅಧ್ಯಕ್ಷರ ಅನ್ನದಾನ' ಎಂದು ಬಂತು. ಬೈಗುಳ ನಿಂತಿತು. ಸಾಬರನ್ನು ಅಮೃತೂರು ಕಡೆಗೂ ಕಳಿಸಿದರು. ಊಟದ ಸಾಲೊಂದನ್ನು ಬಿಟ್ಟು ಉಳಿದದ್ದನ್ನು ಹಾಗೇ ಓದಿ ಎಂದು ಅಪ್ಪಣೆಯಾಯಿತು.

ಇಲ್ಲಿಯವರೆಗೆ ನಗುವ ವಿಷಯ. ನಾನೂ ನಕ್ಕಿದ್ದೇನೆ.

ಕಾಯಿಗಳು ಬೆಟ್ಟಸ್ವಾಮಿಯವರ ಮಿಲ್ಲಿಗೆ ಹೋದವು. ಕಾಯಿ ಕೊಬ್ಬರಿಯಾಯಿತು, ಕೊಬ್ಬರಿ ಎಣ್ಣೆಯಾಯಿತು, ಎಣ್ಣೆ ಮಾರಿದ ದುಡ್ಡು ಮಿಲ್ಲಿನ ವ್ಯವಹಾರದಲ್ಲಿ ಸುತ್ತತೊಡಗಿತು. ಆಸ್ಪತ್ರೆಗೆ ಯಾವಾಗ ಕೊಡುವುದು ಎಂದರೆ ಮಂತ್ರಿಗಳು ತಾರೀಖು ಕೊಟ್ಟಾಗ. ಮಂತ್ರಿಗಳು ಕೊಟ್ಟ ತಾರೀಖು ಅವರಿಗೇ ಮರೆತುಹೋಯಿತು. ಇನ್ನೊಂದು ಕೊಟ್ಟರು, ಅವತ್ತು ಅವರ ಬೀಗರ ಮನೆಯಲ್ಲಿ ನಾಮಕರಣ. ಅಷ್ಟರಲ್ಲಿ ಎಲೆಕ್ಷನ್ ಬಂದು ಸರ್ಕಾರವೇ ಬದಲಾಯಿತು. ಮಂತ್ರಿಗಳ ಹೆಸರು ಕೆತ್ತಿಸಿದ್ದ ಅಮೃತಶಿಲೆಯ ಹಲಗೆಯನ್ನು ಉಜ್ಜಿಸಿ ಹೊಸ ಮಂತ್ರಿಗಳ ಹೆಸರು ಕೆತ್ತಿಸಬೇಕಾಯಿತು. ಉಜ್ಜಿದ ಖರ್ಚೂ ಕೆತ್ತಿದ ಖರ್ಚೂ ನಿಧಿಯದೇ. ಕ್ಯಾನ್ಸರಿನ ಮೇಲೆ ಆ ವರ್ಷ ನಮ್ಮ ಜಿಲ್ಲೆಯಲ್ಲಿ ನಡೆದ ಸಂಶೋಧನೆ ಎಂದರೆ ಅಷ್ಟೇ, ಒಂದು ಕಲ್ಲನ್ನು ಎಷ್ಟು ಸಲ ಉಜ್ಜಬಹುದು ಎನ್ನುವುದು.

ಒಂದು ಬೆಳಿಗ್ಗೆ ಸಿದ್ದಗಂಗಮ್ಮ ಗುಬ್ಬಿಗೆ ಬಂದಳು. ಹಬೀಬ್ ಸಾಬರ ಮೇಜಿನ ಮೇಲೆ ಎಲೆ ಅಡಿಕೆ ಇಟ್ಟಳು, ಮದುವೆಗೆ ಕರೆಯಲು ಬಂದವರು ಇಡುವ ಹಾಗೆ.

"ಸಾಬ್ರೆ, ನಮ್ಮನೇಲಿ ಕಾರ್ಯ ಬಂದೈತೆ. ಬೆಟ್ಟಸ್ವಾಮ್ಯೋರಿಗೆ ಹೇಳ್ಬೇಕು."

ಸಾಬರಿಗೆ ಖುಷಿಯಾಯಿತು. "ಮೊಮ್ಮಗಳದಾ? ಯಾವತ್ತು ಲಗ್ನ? ಹೊಸಾ ಸ್ಪೀಕರ್ ತಂದಿದೀನಿ."

"ನಂದೇ ಕಾರ್ಯ" ಎಂದಳು ಸಿದ್ದಗಂಗಮ್ಮ. ಸೆರಗಿನ ಮೇಲಿಂದಲೇ ಎದೆಯ ಎಡಗಡೆ ಕೈ ಇಟ್ಟು ತೋರಿಸಿದಳು. "ಇಲ್ಲಿ ಗಂಟು ಐತೆ. ಇಲ್ಲಿನ ಡಾಕ್ಟ್ರು ಬೆಂಗಳೂರಿಗೆ ಹೋಗು ಅಂದವ್ರೆ. ಕೊಯ್ದು ತೆಗೆದು, ಆಮೇಲೆ ಕಿರಣ ಕೊಡ್ತಾರಂತೆ. ತಿಂಗಳುಗಟ್ಲೆ ಅಲ್ಲೇ ಇರ್ಬೇಕಂತೆ."

ನಾನು ಸ್ಪ್ಯಾನರ್ ಕೆಳಗಿಟ್ಟು, ಇದು ಯಾವಾಗಿನಿಂದ ಎಂದು ಕೇಳಿದೆ.

"ನೀವು ವ್ಯಾನ್ ತಂದಾಗ್ಲೇ ಇತ್ತು. ಹುಣಸೆ ಬೀಜದಷ್ಟು. ಅದಕ್ಕೇ ಅಲ್ವಾ ವಾಪಸ್ ಬರೋ ಮುಯ್ಯಾ ಅಂತ ಕೇಳಿದ್ದು."

ಸಾಬರ ಹೆಂಡತಿ ಹಜರಾ ಬೀ ಒಳಗಿನಿಂದ ಕೇಳಿಸಿಕೊಂಡು ಬಂದು, ತನ್ನ ಎರಡು ಬಳೆ ತೆಗೆದು ಮೇಜಿನ ಮೇಲಿಟ್ಟರು. "ಇದು ತಗೊಂಡು ಇವತ್ತೇ ಬೆಂಗಳೂರ್ ಬಸ್ ಹತ್ತಮ್ಮ" ಎಂದರು. ನಾನೂ ಗಲ್ಲಾ ಪೆಟ್ಟಿಗೆ ಎಳೆದೆ. ಸಿದ್ದಗಂಗಮ್ಮ ಬಳೆಗಳನ್ನು ಹಜರಾ ಬೀಯ ಕೈಗೆ ಮತ್ತೆ ಹಾಕಿದಳು.

"ದಾನ ಬ್ಯಾಡ ಕಣವ್ವ. ದಾನದ ದುಡ್ಡಲ್ಲಿ ಆಸ್ಪತ್ರೆಗೆ ಹೋದ್ಲು ಅಂತ ನನ್ನ ಮಗಳಿಗೆ ಅವರತ್ತೆ ಅಂತಾಳೆ. ನಾನು ಊರೆದ್ರಿಗೆ ಓದ್ಸಿದೀನಿ. ನಂದು ನಂಗೆ ಬರ್ಲಿ, ಹೋಯ್ತೀನಿ."

ಆ ಹಟ ಕಂಡು ನನಗೆ ಅವಳ ಮೇಲೂ ಸಿಟ್ಟು ಬಂತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ಒಂದೂ ಸಿಗಲಿಲ್ಲ.

ಸಾಬರು, ಸಿದ್ದಗಂಗಮ್ಮ, ನಾನು ಮೂವರೂ ತುಮಕೂರಿನ ಮಿಲ್ಲಿಗೆ ಹೋದೆವು. ಬೆಟ್ಟಸ್ವಾಮಿ ಹೊಸ ಮಂತ್ರಿಗಳಿಗೆ ಯಾವ ಬಣ್ಣದ ಪೇಟ ಎಂದು ಆರಿಸುತ್ತಿದ್ದರು. ಸಾಬರು ವಿಷಯ ಹೇಳಿದರು.

"ನೋಡಮ್ಮ, ಈ ಫಂಡ್ ಇರೋದು ರಿಸರ್ಚಿಗೆ. ಪೇಷೆಂಟಿಗಲ್ಲ."

"ಅಂದ್ರೆ ಏನು ಬುದ್ಧಿ?"

"ರಿಸರ್ಚ್ ಅಂದ್ರೆ ಕಾಯಿಲೆಗೆ ಮದ್ದು ಕಂಡುಹಿಡಿಯೋದು."

"ಕಂಡುಹಿಡಿದು ಯಾರಿಗೆ ಕೊಡ್ತಾರೆ?"

"ಕಾಯಿಲೆ ಇರೋರಿಗೆ."

"ನಂಗೈತಲ್ಲ."

ಬೆಟ್ಟಸ್ವಾಮಿ ಪೇಟ ಕೆಳಗಿಟ್ಟರು. "ಅದಕ್ಕೆಲ್ಲ ಒಂದು ಪ್ರೊಸೀಜರ್ ಇದೆಯಮ್ಮ. ಮೊದಲು ಫಂಕ್ಷನ್ ಆಗ್ಬೇಕು, ಮಂತ್ರಿಗಳು ಕೊಡ್ಬೇಕು, ಆಸ್ಪತ್ರೆಯವರು ತಗೋಬೇಕು."

"ಆಸ್ಪತ್ರೆಯವ್ರಿಗೆ ಮೊದ್ಲೇ ಕಳಿಸಿದ್ರೆ ಅವ್ರೇ ನೋಡ್ತಿದ್ರಲ್ಲ ಸ್ವಾಮಿ" ಎಂದೆ ನಾನು. "ಆ ಕಲ್ಲಿಗೋಸ್ಕರ ಯಾಕೆ ಕಾಯಿಸ್ತಿದೀರಿ?"

"ನೀನು ಪಂಚರ್ ಹಾಕೋನಲ್ವಾ?" ಎಂದರು. ನಂತರ ಹೆಂಗಸಿನ ಕಡೆ ತಿರುಗಿ ದೊಡ್ಡ ಮನಸ್ಸು ಮಾಡಿದರು. "ಫಂಕ್ಷನ್ ದಿನ ಬಾಮ್ಮ. ಅವತ್ತು ಎಲ್ಲಾ ನೋಡೋಣ. ಅಲ್ಲೀತನಕ ಇದನ್ನ ಸವರ್ಕೋ, ಗಂಟು ಮೆತ್ತಗಾಗುತ್ತೆ." ಹೀಗೆಂದು ಒಂದು ಬಾಟಲ್ ಕೊಬ್ಬರಿ ಎಣ್ಣೆ ಕೊಟ್ಟರು.

ಸಿದ್ದಗಂಗಮ್ಮ ಬಾಟಲನ್ನು ಮೂಸಿ ನೋಡಿದಳು. ಅವಳ ತೋಟದ ಕಾಯಿಯ ಎಣ್ಣೆಯೇ ಇರಬಹುದು, ಇಲ್ಲದಿರಬಹುದು. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡಳು. ಹೊರಗೆ ಬಂದ ಮೇಲೆ ನಾನು ಅದನ್ನು ಕಿತ್ತುಕೊಂಡು ಮಿಲ್ಲಿನ ಗೋಡೆಗೆ ಒಡೆದೆ. ಅದರಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ, ನನ್ನ ಅಂಗಿ ಮಾತ್ರ ಜಿಡ್ಡಾಯಿತು.

"ಯಾಕೆ ಸಿಟ್ಟು ಮಾಡ್ಕೊಳ್ತೀರಿ ಅಂಜಿನಪ್ಪೋರೆ" ಎಂದರು ಹಬೀಬ್ ಸಾಬರು. "ಫಂಕ್ಷನ್ ದಿನ ವಾಪಸ್ ಮಾಡ್ತೀನಿ ಅಂದ್ರಲ್ಲ." ಹಾಗೆ ಅವರು ಅಂದಿರಲಿಲ್ಲ. ನೋಡೋಣ ಎಂದಿದ್ದರು. ದೊಡ್ಡವರ ನೋಡೋಣ ಎಂಬ ಮಾತಿಗೆ ಇಲ್ಲ ಎಂದು ಅರ್ಥ ಎನ್ನುವುದು ಅಷ್ಟು ವರ್ಷ ಮೈಕ್ ಹಿಡಿದ ಮನುಷ್ಯನಿಗೆ ಗೊತ್ತಿರಲಿಲ್ಲ. ಫಂಕ್ಷನ್ನಿಗೆ ಇನ್ನೂ ತಿಂಗಳುಗಳು ಹಿಡಿದವು. ಹುಣಸೆ ಬೀಜ ನಿಂಬೆಹಣ್ಣಾಯಿತು.

ಕೊನೆಗೂ ತುಮಕೂರಿನಲ್ಲಿ ಶಾಮಿಯಾನ ಎದ್ದಿತು. ವೇದಿಕೆಯ ಮೇಲೆ ಹೊಸ ಮಂತ್ರಿಗಳು, ಬೆಂಗಳೂರಿನ ಆಸ್ಪತ್ರೆಯಿಂದ ಬಂದ ಒಬ್ಬ ಡಾಕ್ಟರಮ್ಮ, ಪೇಟ ಸುತ್ತಿದ ಬೆಟ್ಟಸ್ವಾಮಿ. ಮುಂದಿನ ಸಾಲಿನಲ್ಲಿ ಸುಬ್ಬಲಕ್ಷ್ಮಮ್ಮ, ಷಡ್ಡಕ, ಫೋಟೋದವನು. ಹಿಂದೆಲ್ಲ ಚೇಳೂರಿನವರು, ಅಮೃತೂರಿನವರು, ಓದಿಸಿದವರು. ಹಬೀಬ್ ಸಾಬರಿಗೆ ಬರೀ ಹಲೋ ಎನ್ನಬೇಕು, ಬೇರೆ ಒಂದು ಮಾತೂ ಆಡಬಾರದು ಎಂದು ಕಟ್ಟಾಜ್ಞೆಯಾಗಿತ್ತು.

ಬೆಟ್ಟಸ್ವಾಮಿ ತಮ್ಮ ತ್ಯಾಗದ ಬಗ್ಗೆ ತಾವೇ ಕಣ್ಣೀರು ಒರೆಸಿಕೊಳ್ಳುವವರೆಗೆ ಮಾತಾಡಿದರು. "ಈ ಜಿಲ್ಲೆಯ ಒಬ್ಬ ರೋಗಿಯೂ ನೊಂದರೆ ನನ್ನ ಎದೆ ನೋಯುತ್ತದೆ" ಎಂದರು. ಚೆಕ್ಕು ಕೈಬದಲಾಯಿತು, ಫೋಟೋ ಆಯಿತು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಹಬೀಬ್ ಸಾಬರು ಮೈಕಿಗೆ ಬಂದರು. ಹುಡುಕಾಡಿ ನೋಡಿದರೂ ಅವರ ಮುಖದಲ್ಲಿ ಯಾವ ಕುಹಕವೂ ಇರಲಿಲ್ಲ. ಇವತ್ತು ವಾಪಸ್ ಮಾಡುವ ದಿನ ಎಂದು ಅವರು ನಂಬಿಕೊಂಡಿದ್ದರು.

"ಹಲೋ. ಕಳೆದ ವರ್ಷ ಚೇಳೂರು ಸಿದ್ದಗಂಗಮ್ಮನವರು ಒಂದು ಚೀಲ ಕಾಯಿ ಓದಿಸಿದ್ದರು. ಈಗ ಅವರ ಎದೆಯಲ್ಲಿ ಗಂಟಾಗಿ, ಅವರ ಮನೆಯಲ್ಲಿ ಕಾರ್ಯ ಒದಗಿ ಬಂದಿದೆ. ತುಮಕೂರು ಬೆಟ್ಟಸ್ವಾಮಿಯವರು ತಮ್ಮ ಕಾರು, ಆಸ್ಪತ್ರೆಯಲ್ಲಿ ಇರುವಷ್ಟು ದಿನದ ಪೂರಾ ಖರ್ಚು, ಮೇಲಾಕಿ ಓದಿಸಿದ್ದಾರೆ."

ಬೆಟ್ಟಸ್ವಾಮಿ ಆರಿಸು ಎಂದು ಕೈಸನ್ನೆ ಮಾಡಿದರು. ಸಾಬರು ಅದನ್ನು ಇನ್ನೊಂದು ಸಲ ಓದು ಎಂದು ತಿಳಿದು, ಇನ್ನೊಂದು ಸಲ ಓದಿದರು. ಭದ್ರಮ್ಮ ಎದ್ದು ನಿಂತು ಚಪ್ಪಾಳೆ ಹೊಡೆದಳು. ಅವಳಿಗಿಂತ ಜೋರಾಗಿ ಹೊಡೆಯಲು ಹೊನ್ನಯ್ಯ ಎದ್ದ. ಆಮೇಲೆ ಎಲ್ಲರೂ ಎದ್ದರು. ಮಂತ್ರಿಗಳು ಏನೆಂದು ತಿಳಿಯದೆ ತಾವೂ ಎದ್ದು ಬೆಟ್ಟಸ್ವಾಮಿಯವರ ಕೈ ಕುಲುಕಿದರು. ಫೋಟೋದವನು ಅದನ್ನೂ ಹೊಡೆದ.

"ಕಾರು ರಿಪೇರಿಲಿದೆ" ಎಂದರು ಬೆಟ್ಟಸ್ವಾಮಿ, ಸಣ್ಣ ದನಿಯಲ್ಲಿ. ಆದರೆ ಮೈಕು ಅದನ್ನೂ ಹಿಡಿದು ಬೀದಿಯ ಕೊನೆಯವರೆಗೆ ಹೇಳಿತು.

ಸುಬ್ಬಲಕ್ಷ್ಮಮ್ಮ ಕುರ್ಚಿಯಿಂದ ಎದ್ದರು. "ಇಲ್ಲ ರೀ, ಅದ್ರಲ್ಲೇ ತಾನೆ ನಾವು ಬಂದಿದ್ದು. ಡ್ರೈವರ್ ಹೊರಗಿದಾನೆ" ಎಂದರು. ಅವರಿಗೆ ಅವತ್ತು ಕೊನೆಯ ಪಂಕ್ತಿಯಲ್ಲಿ ಉಂಡು ನಮಸ್ಕಾರ ಹೇಳಿ ಹೋದವಳ ಮುಖ ನೆನಪಿತ್ತು.

ಡಾಕ್ಟರಮ್ಮ ವೇದಿಕೆ ಇಳಿದು ಸಿದ್ದಗಂಗಮ್ಮನ ಹತ್ತಿರ ಹೋಗಿ, ಪರದೆಯ ಹಿಂದೆ ಕರೆದೊಯ್ದು ನೋಡಿ ಬಂದರು. ಬಂದಾಗ ಅವರ ಮುಖ ಕೆಂಪಾಗಿತ್ತು. ಬೆಟ್ಟಸ್ವಾಮಿಯವರನ್ನು, "ಈ ದುಡ್ಡು ಹೋದ ವರ್ಷ ಕೂಡಿಸಿದ್ದಾ?" ಎಂದು ಕೇಳಿದರು. ಬೆಟ್ಟಸ್ವಾಮಿ ಪೇಟ ಸರಿಮಾಡಿಕೊಂಡರು.

"ನಮ್ಮ ಕಿರಣದ ಮಿಷನ್ ಮುಂದೆ ಜನ ಸಾಲು ನಿಂತಿರ್ತಾರೆ. ಯಾರಿಗೆ ಎಷ್ಟು ಕೊಟ್ರೆ ಸಾಕು ಅಂತ ಕಂಡುಹಿಡಿಯೋದೇ ನಮ್ಮ ರಿಸರ್ಚು. ಅದು ಗೊತ್ತಾದ್ರೆ ಅದೇ ಮಿಷನ್‌ನಲ್ಲಿ ಇನ್ನಷ್ಟು ಜನ ಬದುಕ್ತಾರೆ. ದುಡ್ಡಿಲ್ಲದೆ ಒಂದು ವರ್ಷ ಆ ಕೆಲಸ ನಿಂತಿದೆ. ಇಲ್ಲಿ ನೀವು ಕಲ್ಲು ಕೆತ್ತಿಸ್ತಿದ್ರಿ." ಸಿದ್ದಗಂಗಮ್ಮನ ಕಡೆ ತಿರುಗಿ ಮೆತ್ತಗೆ ಹೇಳಿದರು. "ಇವತ್ತೇ ಹೊರಡಿ ಅಮ್ಮ. ಮೊದ್ಲು ಬಂದೋರಿಂದ ನಾವು ಕಲಿತಿದ್ದು ನಿಮಗೆ ಸಿಗುತ್ತೆ. ನಿಮ್ಮಿಂದ ಕಲಿಯೋದು ಮುಂದೆ ಬರೋರಿಗೆ ಹೋಗುತ್ತೆ."

"ಅಂದ್ರೆ ಮುಯ್ಯೇ" ಎಂದರು ಹಬೀಬ್ ಸಾಬರು, ಮೈಕಿನಲ್ಲೇ.

ಡಾಕ್ಟರಮ್ಮ ಅವರ ಕಡೆ ತಿರುಗಿದರು. "ಹೌದು, ಮುಯ್ಯೇ" ಎಂದರು.

ಮಳೆಗಾಲವೆಲ್ಲ ಕಳೆದ ಮೇಲೆ ಸಿದ್ದಗಂಗಮ್ಮ ಮತ್ತೆ ನಮ್ಮ ಅಂಗಡಿ ಮುಂದೆ ಬಸ್ಸಿಳಿದಳು. ಸೊರಗಿದ್ದಳು, ಆದರೆ ನಡಿಗೆ ಗಟ್ಟಿಯಾಗಿತ್ತು. ಬಲಗೈಯಿಂದಲೇ ಎಲೆ ಅಡಿಕೆ ತೆಗೆದು ಮೇಜಿನ ಮೇಲಿಟ್ಟಳು.

"ವಾಸಿಯಾಯ್ತಾ?" ಎಂದೆ.

"ಆಗೈತೆ ಅಂದವ್ರೆ. ಆಗಾಗ ಹೋಗಿ ತೋರಿಸ್ಬೇಕು. ಎಡಗಡೇದು ಪೂರಾ ತೆಗೆದ್ರು. ಈ ಕೈ ಮೇಲಕ್ಕೆ ಎತ್ತಕ್ಕಾಗಲ್ಲ, ತಲೆ ಬಾಚಿಕೊಳ್ಳೋಕೂ ಆಗಲ್ಲ. ಬೀಜದಷ್ಟು ಇದ್ದಾಗ ಬಂದಿದ್ರೆ ಇಷ್ಟು ಕೊಯ್ಯೋ ಹಂಗಿರ್ಲಿಲ್ಲ ಅಂದ್ರು." ಬಸ್ ತಪ್ಪಿಹೋದ ಸಂಗತಿ ಹೇಳುವವಳ ಹಾಗೆ ಹೇಳಿದಳು. ನನಗೆ ಕೈಯಲ್ಲಿದ್ದ ಪೆಡಲನ್ನು ಯಾರ ತಲೆಗಾದರೂ ಎಸೆಯಬೇಕು ಎನ್ನಿಸಿತು. ಬೇಕಾದ ತಲೆ ತುಮಕೂರಿನಲ್ಲಿತ್ತು.

"ಸಾಬ್ರೆ, ಮೈಕ್ ಹಾಕಿ. ಒಂದು ಓದ್ಬೇಕು" ಎಂದಳು.

"ಏನು ಓದ್ಲಮ್ಮ?"

"ಬೆಟ್ಟಸ್ವಾಮ್ಯೋರ ಮುಯ್ಯಿ ಚೇಳೂರು ಸಿದ್ದಗಂಗಮ್ಮನ ಮೇಲೆ ಐತೆ ಅಂತ ಓದಿ. ಅದನ್ನ ವಾಪಸ್ ಮಾಡೋ ಕಾರ್ಯ ಆ ಮನೇಗೆ ಯಾವತ್ತೂ ಬರೋದು ಬ್ಯಾಡ ಅಂತ್ಲೂ ಓದಿ."

ಹಜರಾ ಬೀ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅಷ್ಟು ದೊಡ್ಡ ಮನಸ್ಸು ಅವಳಿಗೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ನನಗಂತೂ ಇಲ್ಲ. ಹಬೀಬ್ ಸಾಬರು ತುತ್ತೂರಿಯನ್ನು ಬಸ್‌ಸ್ಟಾಂಡಿನ ಕಡೆ ತಿರುಗಿಸಿ, ಗಂಟಲು ಸರಿಮಾಡಿಕೊಂಡು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಓದಿದರು. ಆಮೇಲೆ ಬಾಯಿ ತಾನಾಗಿ ಓಡಿತು. "ಬಂದವರೆಲ್ಲ ಊಟ ಮಾಡಿಕೊಂಡೇ ಹೋಗಬೇಕಾಗಿ ಮನೆಯವರು ಕೈಮುಗಿದು ಕೇಳಿಕೊಂಡಿದ್ದಾರೆ."

ಸಿದ್ದಗಂಗಮ್ಮ ನಕ್ಕಳು. ಹಜರಾ ಬೀ ಅವಳ ಕೈಹಿಡಿದು ಊಟಕ್ಕೆ ಒಳಗೆ ಕರೆದುಕೊಂಡು ಹೋದರು.

ಬಸ್‌ಸ್ಟಾಂಡಿನಲ್ಲಿ ಕಾಯುತ್ತಿದ್ದವರಲ್ಲಿ ಒಂದಿಷ್ಟು ಜನ ರಸ್ತೆ ದಾಟಿ ನನ್ನ ಅಂಗಡಿಗೆ ಬಂದು, ಊಟ ಎಲ್ಲಿ ಸ್ವಾಮಿ ಎಂದು ಕೇಳಿದರು. ನಾನು ಎದ್ದು ನಿಂತು, ತುಮಕೂರಿನ ಬಸ್ಸು ತೋರಿಸಿ, ಬೆಟ್ಟಸ್ವಾಮಿಯವರ ಮನೆಗೆ ಹೋಗುವ ದಾರಿಯನ್ನು ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದೆ.